ಬಿಂಕದಕಟ್ಟಿ ಗುಡ್ಡದ ಸೈಕಲ್ ದಾರಿ: ರೇಸ್ ಮುಗೀತು, ಮುಂದೇನು?

ಗದಗ: ಒಂದು ದೊಡ್ಡ ಮಳೆ ಬಿದ್ದರೆ ಸಾಕು, ತಾಲ್ಲೂಕಿನ ಎರೆ ಹೊಲದ ದಾರಿಯೊಳಗ ಸೈಕಲ್ ಹೊಡೆಯೋದು ಆಗದ ಮಾತು. ಮಣ್ಣು ಟೈರಿಗೆ ಮೆತ್ತಿ, ಬ್ರೇಕಿನ ಸಂದಿಗೆ ತುಂಬಿ, ಹತ್ತು ಮಾರು ಹೋಗೋದ್ರೊಳಗ ಗಾಲಿ ತಿರುಗೋದೇ ನಿಲ್ಲುತ್ತದೆ. ಆಮೇಲೆ ಸೈಕಲ್ಲೇ ಸವಾರನ ಹೆಗಲೇರುತ್ತದೆ. ಹುಬ್ಬಳ್ಳಿ ರಸ್ತೆಯ ಬಿಂಕದಕಟ್ಟಿ ಕಡೆಯ ಗುಡ್ಡದ ನೆಲ ಹಾಗಲ್ಲ. ಕಲ್ಲು, ಗರಸು ಇರೋದರಿಂದ ನೀರು ಬೇಗ ಇಳಿದು ಹೋಗುತ್ತದೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಇದೇ ನೆಲದಲ್ಲಿ.

ಅವತ್ತು ಬೇರೆ ಬೇರೆ ರಾಜ್ಯಗಳ ತಂಡಗಳು ಬಂದವು. ಲಾಡ್ಜು, ಖಾನಾವಳಿ, ಆಟೋದವರಿಗೆ ಇಂಥ ಕೂಟ ಅಂದ್ರೆ ಮೂರು ನಾಲ್ಕು ದಿನದ ವ್ಯಾಪಾರ. ಅದು ಬಂತು, ಹೋಯ್ತು. ಉಳಿಯುವ ಪ್ರಶ್ನೆ ದಾರಿಯದು.

ಸ್ಟೇಡಿಯಂ ಕಟ್ಟಿ ಬೀಗ ಹಾಕಿದರೆ ಗೋಡೆಯಾದರೂ ನಿಲ್ಲುತ್ತದೆ. ಗುಡ್ಡದ ಟ್ರ್ಯಾಕ್ ಹಾಗಲ್ಲ. ಒಂದು ಮಳೆಗಾಲ ಕಳೆದರೆ ನೀರು ತನ್ನದೇ ಹಾದಿ ಕೊರೆಯುತ್ತದೆ, ಸಣ್ಣ ಕಲ್ಲು ಕೊಚ್ಚಿ ಹೋಗಿ ದೊಡ್ಡ ಕಲ್ಲು ತಲೆ ಎತ್ತುತ್ತದೆ, ಮುಳ್ಳುಕಂಟಿ ಬೆಳೆದು ತಿರುವು ಕಾಣದಂತಾಗುತ್ತದೆ. ಕ್ರಾಸ್ ಕಂಟ್ರಿ ಸ್ಪರ್ಧೆಯ ಒಂದು ಸುತ್ತು ಸಾಮಾನ್ಯವಾಗಿ 4ರಿಂದ 6 ಕಿ.ಮೀ. ಅಷ್ಟು ದಾರಿಗೆ ವರ್ಷಕ್ಕೊಮ್ಮೆ ನೀರು ಹರಿಯಲು ಓರೆ ಕಾಲುವೆ ತೆಗೆದು, ಕಂಟಿ ಕಡಿದು, ಸಡಿಲ ಕಲ್ಲು ಸರಿಸಬೇಕು. ಕೋಟಿ ಲೆಕ್ಕದ ಕೆಲಸವಲ್ಲ ಇದು, ಗುದ್ದಲಿ ಸಲಿಕೆ ಹಿಡಿದ ಕೂಲಿಯವರ ಕೆಲಸ. ಅದಕ್ಕೇ ಏನೋ, ಇಂಥದ್ದಕ್ಕೆ ಅಡಿಗಲ್ಲು ಹಾಕಲು ಯಾರೂ ಬರೋದಿಲ್ಲ.

ಇದು ಪೇಟೆ ಹುಡುಗರ ಶೋಕಿ ಅಂದುಕೊಂಡರೆ ತಪ್ಪು. ಗದಗ, ಬಾಗಲಕೋಟೆ, ವಿಜಯಪುರ ರಾಜ್ಯಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಡುತ್ತ ಬಂದ ಜಿಲ್ಲೆಗಳು. ಗದಗದಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯವೇ ಇದೆ. ರೈಲ್ವೆ, ಸೇನೆಯಲ್ಲಿ ಸೈಕ್ಲಿಂಗ್ ತಂಡಗಳಿವೆ. ಹೊಲ ಮನೆಯ ಹುಡುಗನಿಗೆ ರಾಷ್ಟ್ರೀಯ ಪದಕ ಅಂದರೆ ಕ್ರೀಡಾ ಕೋಟಾದ ನೌಕರಿಯ ದಾರಿ. 1996ರಿಂದ ಮೌಂಟೇನ್ ಬೈಕ್ ಒಲಿಂಪಿಕ್ಸ್‌ನಲ್ಲೂ ಇದೆ. ಕೇರಳದ ಪೊನ್ಮುಡಿ 2023ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ಪನ್ನೇ ನಡೆಸಿತು.

ಡಾಂಬರು ರಸ್ತೆಯಲ್ಲಿ ಎಷ್ಟೇ ಓಡಿಸಿದರೂ ಗುಡ್ಡದ ಕಲೆ ಬರೋದಿಲ್ಲ ಅನ್ನೋದನ್ನ ಪಾಲಕರು ತಿಳೀಬೇಕು. ರೋಡ್ ಸೈಕಲ್ಲಿಗೆ ಗಾಳಿ ಬಿಗಿಯಾಗಿ ತುಂಬಿದರೆ, ಇಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಬೇಕು. ಆಗಲೇ ಟೈರು ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಹಸಿ ಕಲ್ಲಿನ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದವನು ಮುಗ್ಗರಿಸಿದ ಅಂತಲೇ ಲೆಕ್ಕ. ಇಳಿಜಾರಿನಲ್ಲಿ ಮೈಭಾರ ಹಿಂದಕ್ಕೆ, ಕಣ್ಣು ಮುಂದಿನ ಗಾಲಿ ಬಿಟ್ಟು ದೂರಕ್ಕೆ. ಇದೆಲ್ಲ ಬಿದ್ದೇ ಕಲಿಯುವ ವಿದ್ಯೆ. ಹೆಲ್ಮೆಟ್ ಇಲ್ಲದೆ ಬೀಳೋದು ಬೇಡ ಅಷ್ಟೇ.

ಗುಡ್ಡ ಅಂದರೆ ಯಾವ ಗುಡ್ಡ ಅನ್ನೋದೂ ಮುಖ್ಯ. ಕಪ್ಪತಗುಡ್ಡಕ್ಕಾಗಿ ಜಿಲ್ಲೆಯ ಜನ ಬೀದಿಗಿಳಿದು ಹೋರಾಡಿದ್ದಾರೆ, 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಲ್ಲಿ ಸೈಕಲ್ ನುಗ್ಗಿಸುವಂತಿಲ್ಲ, ನುಗ್ಗಿಸಲೂಬಾರದು. ಹಸಿ ನೆಲದಲ್ಲಿ ಗಾಲಿ ಬಿಟ್ಟ ಗೆರೆಯೇ ಮುಂದಿನ ಮಳೆಗೆ ಕೊರಕಲಾಗುತ್ತದೆ. ಧಾಮದ ಹೊರಗೆ ಒಂದೇ ಒಂದು ಗೊತ್ತುಪಡಿಸಿದ ದಾರಿ ಇದ್ದರೆ ಹುಡುಗರು ಅಲ್ಲಿ ಇಲ್ಲಿ ನುಗ್ಗೋ ಪ್ರಮೇಯ ಬರೋದಿಲ್ಲ.

ಇನ್ನು ಅಂಗಡಿಕಾರರ ಲೆಕ್ಕ. ರೇಸ್ ಮೂರು ದಿನ, ಅಭ್ಯಾಸ ವರ್ಷವಿಡೀ. ಕೆಸರಿನಲ್ಲಿ ಓಡಿದ ಸೈಕಲ್ಲಿಗೆ ಚೈನು, ಬ್ರೇಕ್ ಪ್ಯಾಡು ಬೇಗ ಸವೆಯುತ್ತವೆ. 29 ಇಂಚಿನ ಟ್ಯೂಬು, ಸಣ್ಣ ವಾಲ್ವಿನ ಪಂಪು, ಡಿಸ್ಕ್ ಬ್ರೇಕ್ ಪ್ಯಾಡು ಊರಲ್ಲೇ ಸಿಕ್ಕರೆ ಸವಾರ ಆನ್‌ಲೈನ್‌ನಲ್ಲಿ ತರಿಸಿ ವಾರಗಟ್ಟಲೆ ಕಾಯಬೇಕಿಲ್ಲ. ಆದರೆ ಓಡಿಸುವ ಜಾಗ ಗಟ್ಟಿಯಾಗದೆ ಯಾವ ಅಂಗಡಿಯವನೂ ದುಡ್ಡು ಹಾಕಿ ಮಾಲು ತರಿಸೋದಿಲ್ಲ. ಹೀಗಾಗಿ ಕ್ರೀಡಾ ಇಲಾಖೆ, ಅರಣ್ಯ ಇಲಾಖೆ, ಗ್ರಾಮ ಪಂಚಾಯ್ತಿ ಮೂವರೂ ಒಂದು ಕಡೆ ಕೂತು ದಾರಿ ಎಲ್ಲಿ, ದುರಸ್ತಿ ಯಾರದು, ಕೂಲಿ ಯಾವ ಲೆಕ್ಕದಿಂದ ಅನ್ನೋದನ್ನ ಬರೆದಿಡಬೇಕು. ಮಳೆಗಾಲ ಮುಗಿದು ನೆಲ ಇನ್ನೂ ಮೆತ್ತಗಿರುವಾಗಲೇ ಗುದ್ದಲಿ ಕೆಲಸ ಹಗುರ.