ಟೊಮೆಟೊ ದರ ಸರ್ಕಾರದ ಕಂಪ್ಯೂಟರಿನಲ್ಲಿದೆ, ರೈತನ ಕೈಗೆ ಯಾಕಿಲ್ಲ?

ಕೋಲಾರ ಎಪಿಎಂಸಿಯಲ್ಲಿ ಇವತ್ತು ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು? ಬೇತಮಂಗಲ, ಬೂದಿಕೋಟೆ, ಕಾಮಸಮುದ್ರದ ಕಡೆಯ ರೈತ ಇದನ್ನು ತಿಳಿಯಬೇಕೆಂದರೆ ಮಂಡಿಗೆ ಫೋನ್ ಮಾಡುತ್ತಾನೆ. ತನ್ನ ಮಾಲು ಬಂದರೆ ಯಾರಿಗೆ ಕಮಿಷನ್ ಸಿಗುತ್ತದೋ ಅವರನ್ನೇ ದರ ಕೇಳುತ್ತಾನೆ. ಅವರು ಹೇಳಿದ್ದೇ ದರ.

ಈ ದರ ಗುಟ್ಟೇನಲ್ಲ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ 2000ನೇ ಇಸವಿಯಲ್ಲಿ ಶುರುವಾಯಿತು. ದೇಶದ ಮಾರುಕಟ್ಟೆಗಳ ದರ ಅದರಲ್ಲಿ ಸೇರುತ್ತದೆ. ನಮ್ಮ ರಾಜ್ಯದ್ದು ಕೃಷಿ ಮಾರಾಟ ವಾಹಿನಿ. ಅಲ್ಲಿ ಬೆಳೆ, ಮಾರುಕಟ್ಟೆ ಆರಿಸಿಕೊಂಡು ಪಟ್ಟಿ ನೋಡಬಹುದು. ಇನ್ನೊಂದು ದಾರಿಯೂ ಇದೆ, ಅದನ್ನು ಹಳ್ಳಿಯಲ್ಲಿ ಯಾರೂ ಹೇಳುವುದಿಲ್ಲ. ಡೇಟಾ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ತಾಣದಲ್ಲಿ ಇದೇ ದಿನದ ದರಗಳಿಗೆ ಒಂದು ಎಪಿಐ ಇದೆ. ಎಪಿಐ ಅಂದರೆ ಮನುಷ್ಯರು ಓದುವ ಪುಟವಲ್ಲ, ಕಂಪ್ಯೂಟರು ಕಂಪ್ಯೂಟರನ್ನು ಕೇಳುವ ವಿಳಾಸ. ದತ್ತಾಂಶ ಇರುವ ಟ್ಯಾಂಕಿಗೆ ಕನೆಕ್ಟರ್ ಎಂಬ ಪೈಪ್ ಜೋಡಿಸಿ, ಕೊನೆಗೆ ನಲ್ಲಿ ಇಟ್ಟ ಹಾಗೆ. ಜಿಲ್ಲೆ, ಮಾರುಕಟ್ಟೆ, ಬೆಳೆ ಹೇಳಿ ಕೇಳಿದರೆ ಕನಿಷ್ಠ ದರ, ಗರಿಷ್ಠ ದರ, ಹೆಚ್ಚು ಮಾಲು ಹೋದ ದರ ಬಂದು ಬೀಳುತ್ತದೆ.

ನಲ್ಲಿ ಇದೆಯಲ್ಲ, ಇನ್ನೇನು ಗಲಾಟೆ ಅಂತೀರಾ? ನೀರು ಹೇಗೆ ಬರುತ್ತದೆ ನೋಡಿ. ಊರು, ಬೆಳೆ ಎಲ್ಲದರ ಹೆಸರೂ ಇಂಗ್ಲಿಷಿನಲ್ಲಿ. ದರ ಕ್ವಿಂಟಲ್ ಲೆಕ್ಕದಲ್ಲಿ. ಕೋಲಾರದಲ್ಲಿ ಯಾರು ಕ್ವಿಂಟಲ್ ಲೆಕ್ಕದಲ್ಲಿ ಟೊಮೆಟೊ ಮಾರುತ್ತಾರೆ? ಇಲ್ಲಿ 15 ಕಿಲೋ ಬಾಕ್ಸೇ ಅಳತೆ. ಕ್ವಿಂಟಲಿಗೆ 1,000 ರೂಪಾಯಿ ಅಂದರೆ ಬಾಕ್ಸಿಗೆ 150. ಈ ಗುಣಾಕಾರವನ್ನು ಗಾಡಿಗೆ ಮಾಲು ತುಂಬುತ್ತಿರುವ ರೈತ ಮಾಡಬೇಕಂತೆ. ನೋಂದಣಿ ಮಾಡಿ ಸ್ವಂತ ಕೀ ಪಡೆಯದೆ ಮಾದರಿ ಕೀಯಲ್ಲಿ ಕೇಳಿದರೆ ಒಂದು ಸಲಕ್ಕೆ 10 ಸಾಲಿಗಿಂತ ಹೆಚ್ಚು ಬರುವುದಿಲ್ಲ. ಕಂಪನಿಯ ಎಂಜಿನಿಯರಿಗೆ ಇದು ಐದು ನಿಮಿಷದ ಕೆಲಸ. ಬೀಜ, ಔಷಧಿ ಮಾರುವ ಆ್ಯಪ್ ಮಾಡುವವರಿಗೆ ಈ ನಲ್ಲಿ ಚೆನ್ನಾಗಿಯೇ ಸಿಗುತ್ತದೆ, ಬೆಳೆದವನಿಗೆ ಮಾತ್ರ ಸಿಗುವುದಿಲ್ಲ.

ಗಡಿ ತಾಲ್ಲೂಕುಗಳಲ್ಲಿ ಇದರ ನಷ್ಟ ಹೆಚ್ಚು. ನಮ್ಮ ರೈತನಿಗೆ ಒಂದೇ ಮಾರುಕಟ್ಟೆ ಇಲ್ಲ. ಕೋಲಾರ ಇದೆ, ಮುಳಬಾಗಲಿನ ವಡ್ಡಹಳ್ಳಿ ಇದೆ, ಆಂಧ್ರದ ಮದನಪಲ್ಲಿ ಇದೆ. ಗಾಡಿ ಯಾವ ಕಡೆ ತಿರುಗಬೇಕು ಅನ್ನುವುದು ಹೊರಡುವ ಮುಂಚೆ ಗೊತ್ತಾಗಬೇಕು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. 2021ರ ಮೇ ಲಾಕ್‌ಡೌನಿನಲ್ಲಿ ಇದೇ ಜಿಲ್ಲೆಯ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದರು. ಇಷ್ಟು ಏರಿಳಿತ ಇರುವ ಬೆಳೆಗೆ, ದಿನದ ಹರಾಜೆಲ್ಲ ಮುಗಿದ ಮೇಲೆ ಮೂರು ಅಂಕಿ ಕೊಟ್ಟರೆ ಅದು ಮಾಹಿತಿಯಲ್ಲ, ಮಹಜರು.

ಕೊಳ್ಳುವವರಿಗೂ ಇದು ಬೇಕು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಕೋರಮಂಡಲ್, ಮಾರಿಕುಪ್ಪಂನ ಎಷ್ಟೋ ಮನೆ ನಡೆಯುವುದು ಬೆಂಗಳೂರಿಗೆ ರೈಲು ಹತ್ತಿ ಹೋಗಿ ದುಡಿದ ಕೂಲಿಯಲ್ಲಿ. ತಳ್ಳುಗಾಡಿಯಲ್ಲಿ ಕೊಟ್ಟ ದುಡ್ಡಿನಲ್ಲಿ ಬೆಳೆದವನಿಗೆ ಹೋದದ್ದೆಷ್ಟು ಅಂತ ಅವರಿಗೂ ಗೊತ್ತಾಗಲಿ.

ರೈತರಿಗೆ ಎಪಿಐ ಯಾಕೆ, ಅವರೇನು ಪ್ರೋಗ್ರಾಂ ಬರೀತಾರಾ ಅಂತ ನಗುವವರಿದ್ದಾರೆ. ರೈತ ಬರೆಯಬೇಕಿಲ್ಲ ಸ್ವಾಮಿ. ಡಿಪ್ಲೊಮಾ ಓದಿದ ಹುಡುಗ, ಹುಡುಗಿ ಊರೂರಲ್ಲಿದ್ದಾರೆ. ಸರಿಯಾದ ನಲ್ಲಿ ಕೊಟ್ಟರೆ ಬಾಕ್ಸ್ ಲೆಕ್ಕದ ಕನ್ನಡ ಮೆಸೇಜನ್ನು ಊರಿನ ವಾಟ್ಸಾಪ್ ಗುಂಪಿಗೆ ಅವರೇ ಹಾಕುತ್ತಾರೆ.

ಇನ್ನು ಕೆಲವರು ಖಾಸಗಿತನದ ಮಾತು ಎತ್ತುತ್ತಾರೆ. ಈ ಮಾತು ಸರಿ, ಆದರೆ ಬಾಗಿಲು ಮುಚ್ಚಲು ಅದು ನೆಪ ಆಗಬಾರದು. ಟ್ಯಾಂಕನ್ನೇ ಬಿಚ್ಚಿಡಿ ಅಂತ ಯಾರೂ ಕೇಳುತ್ತಿಲ್ಲ. ರೈತನ ಹೆಸರು, ಮೊಬೈಲ್ ನಂಬರು, ಫ್ರೂಟ್ಸ್ ಐಡಿ, ಬ್ಯಾಂಕ್ ಖಾತೆ ಒಳಗೇ ಇರಲಿ. ದರ, ಆವಕ, ಹರಾಜಾದ ಹೊತ್ತು, ಇಷ್ಟನ್ನೇ ಬೇರೆ ಪಟ್ಟಿ ಮಾಡಿ, ಓದಲು ಮಾತ್ರ ಬರುವ ಹಾಗೆ ಕನೆಕ್ಟರಿಗೆ ಕೊಟ್ಟರೆ ಆಯಿತು. ಇದನ್ನು ಬಿಟ್ಟು ಇಡೀ ದತ್ತಾಂಶಕ್ಕೆ ಪೈಪ್ ಹಾಕಿದರೆ, ನಾಳೆ ಸಾಲ ಕೊಡುವವರಿಂದ ಹಿಡಿದು ಗೊಬ್ಬರದವರ ತನಕ ಎಲ್ಲರ ಫೋನೂ ರೈತನಿಗೇ. ದರ ಹೊರಗೆ, ಹೆಸರು ಒಳಗೆ. ಈಗಿನ ಗತಿ ಎಷ್ಟೋ ಕಡೆ ಇದಕ್ಕೆ ತಿರುಗಾಮುರುಗಾ.

ಮಾಹಿತಿ ಹಕ್ಕು ಕಾಯಿದೆ 2005ರ ಕಲಂ 4ನ್ನು ಎಪಿಎಂಸಿ ಕಚೇರಿಯವರು ಒಮ್ಮೆ ಓದಲಿ. ಯಾರೂ ಅರ್ಜಿ ಹಾಕದಿದ್ದರೂ ಇಂಟರ್ನೆಟ್ಟೂ ಸೇರಿದಂತೆ ನಾನಾ ದಾರಿಯಲ್ಲಿ ಮಾಹಿತಿ ಕೊಡಬೇಕು, ಸ್ಥಳೀಯ ಭಾಷೆಯನ್ನೂ ಆ ಊರಿಗೆ ಒಗ್ಗುವ ವಿಧಾನವನ್ನೂ ಗಮನದಲ್ಲಿಡಬೇಕು ಅಂತ ಅದು ಹೇಳುತ್ತದೆ. ಬಂಗಾರಪೇಟೆ ಮತ್ತು ಕೋಲಾರ ಎಪಿಎಂಸಿ ಕಾರ್ಯದರ್ಶಿಗಳಿಗೆ ಬರೆಯುವ ಮನವಿಗೆ ಈ ಕಲಂ ಸಾಕು. ಕೇಳಬೇಕಾದ್ದು ಇಷ್ಟೇ: ಹರಾಜು ನಡೆಯುತ್ತಿರುವಾಗಲೇ ದರ ಏರಿಸಿ, ಬಾಕ್ಸ್ ಲೆಕ್ಕದಲ್ಲಿ ಕೊಡಿ, ಕನ್ನಡದಲ್ಲಿ ಕೊಡಿ, ಯಾರು ಬೇಕಾದರೂ ಬಳಸಲಿ. ಮನವಿಗೆ ಸ್ವೀಕೃತಿ ಪಡೆದುಕೊಂಡು ಅದರ ಫೋಟೊ ನಮಗೆ ಕಳಿಸಿ, ಯಾವ ಕಚೇರಿ ಏನು ಉತ್ತರ ಕೊಟ್ಟಿತು ಅಂತ ಇಲ್ಲೇ ಹಾಕುತ್ತೇವೆ.