ಗಂಟು ತೆಗೆಸಿದಿರಿ, ರಿಪೋರ್ಟ್ ಎಲ್ಲಿ?

ಎದೆಯಲ್ಲಿ ಗಂಟು ಎಂದ ಕೂಡಲೇ ನಮ್ಮ ಹಳಿಯಾಳ, ಜೋಯಿಡಾ ಕಡೆ ಎರಡೇ ಮಾತು: ‘ಕ್ಯಾನ್ಸರ್ ಇರಬಹುದು’, ಇಲ್ಲವೇ ‘ಯಾರಿಗೂ ಹೇಳಬೇಡ, ಮದುವೆ ಆಗಬೇಕಾದವಳು’. ನನ್ನ ವಯಸ್ಸಿನವರಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಫೈಬ್ರೊಅಡಿನೋಮಾ. ಅದು ಕ್ಯಾನ್ಸರ್ ಅಲ್ಲ. ಆದರೆ ನೋಡಲು ಅದರಂತೆಯೇ ಇರುವ ಅಪರೂಪದ ಇನ್ನೊಂದಿದೆ, ಫಿಲೋಡ್ಸ್. ಕತ್ತರಿಸಿದರೆ ಎಲೆಗಳ ಹಾಗೆ ಕಾಣುತ್ತದೆಂದು 1838ರಲ್ಲಿ ಜರ್ಮನಿಯ ಯೋಹಾನಸ್ ಮುಲ್ಲರ್ ಗ್ರೀಕಿನ ‘ಎಲೆ’ ಪದದಿಂದಲೇ ಈ ಹೆಸರಿಟ್ಟ. ಇದರಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಕೆಲವು ಮಾತ್ರ ಮಾರಕ. ಬೇಗ ಬೆಳೆಯಬಲ್ಲದು, ಸುತ್ತಲಿನ ಸ್ವಲ್ಪ ಭಾಗವನ್ನೂ ಸೇರಿಸಿ ತೆಗೆಯದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರಬಹುದು. ಸೂಜಿ ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ತೆಗೆದ ಗಂಟನ್ನು ತೆಳುವಾಗಿ ಕೊಯ್ದು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಖಾತ್ರಿ.

ಆದ್ದರಿಂದ ‘ಏನಿಲ್ಲವಂತೆ’ ಎಂದು ಮನೆಗೆ ಬಂದರೆ ಸಾಲದು. ‘ಬಯಾಪ್ಸಿಗೆ ಕಳಿಸಿದಿರಾ ಡಾಕ್ಟ್ರೇ?’ ಎಂದು ಕೇಳಬೇಕು.

ಕಳಿಸುವುದೆಲ್ಲಿಗೆ? ಹುಬ್ಬಳ್ಳಿಗೋ ಕಾರವಾರಕ್ಕೋ. ಜೋಯಿಡಾದ ಹಳ್ಳಿಯಿಂದ ಹೊರಟರೆ ಒಂದು ದಿನದ ಕೂಲಿ ಹೋಯಿತು, ರಿಪೋರ್ಟ್ ತರಲು ಇನ್ನೊಂದು ದಿನ. ಬಿ.ಇ. ಓದುವವಳಿಗೇಕೆ ಈ ವಿಷಯ ಎನ್ನಬೇಡಿ, ಇದು ಬರೀ ಸಾಗಣೆಯ ಲೆಕ್ಕ. ಫಾರ್ಮಲಿನ್ ಡಬ್ಬಿಯಲ್ಲಿಟ್ಟ ತುಣುಕು ದಾರಿಯಲ್ಲಿ ಕೆಡುವುದಿಲ್ಲ. ರೋಗಿಯ ಬದಲು ಡಬ್ಬಿ ಓಡಾಡಲಿ. ದಾಂಡೇಲಿ, ಮುಂಡಗೋಡದ ಸರ್ಕಾರಿ ಆಸ್ಪತ್ರೆಗಳಿಂದ ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಲಿ, ರಿಪೋರ್ಟ್ ಮೊಬೈಲಿಗೆ ಬರಲಿ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆಯೇ ಜಾಲತಾಣದಲ್ಲಿ ಕೂಗಿತ್ತು. ಆ ಬೇಡಿಕೆ ಇರಲಿ. ಡಬ್ಬಿ ಕಳಿಸಲು ಹೊಸ ಕಟ್ಟಡವೇನೂ ಬೇಕಿಲ್ಲವಲ್ಲ!