ಗಾಳಿಯ ಸಂಚಾರವೂ ಉಷ್ಣದ ಲೆಕ್ಕವೂ

ಹವೆಯ ವಿಚಾರವಾಗಿ ನಮ್ಮಲ್ಲಿ ಈಗ ನಡೆಯುತ್ತಿರುವ ಚರ್ಚೆಗಳಲ್ಲಿ ಎರಡು ಪ್ರಶ್ನೆಗಳು ಒಂದರೊಡನೊಂದು ಬೆರೆತುಹೋಗಿರುವುದು ಕಂಡುಬರುತ್ತದೆ. ಗಾಳಿ ಏಕೆ ಹೀಗೆ ಬೀಸುತ್ತದೆ ಎಂಬುದು ಒಂದು. ಭೂಮಿಯ ಸರಾಸರಿ ಉಷ್ಣತೆ ಏಕೆ ಏರುತ್ತಿದೆ ಎಂಬುದು ಮತ್ತೊಂದು. ಮೊದಲನೆಯದು ಉಷ್ಣದ ಹಂಚಿಕೆಗೆ ಸಂಬಂಧಿಸಿದ್ದು, ಎರಡನೆಯದು ಉಷ್ಣದ ಆದಾಯ ವೆಚ್ಚಗಳಿಗೆ ಸಂಬಂಧಿಸಿದ್ದು. ಮಾರುತಗಳು ದಿಕ್ಕು ತಪ್ಪಿದುದರಿಂದಲೇ ಭೂಮಿ ಕಾಯುತ್ತಿದೆ ಎನ್ನುವುದು, ಧಾನ್ಯವನ್ನು ಒಂದು ಕಣಜದಿಂದ ಇನ್ನೊಂದಕ್ಕೆ ಸುರಿದುದರಿಂದ ಬೆಳೆ ಹೆಚ್ಚಿತೆಂದು ಹೇಳಿದಂತೆಯೇ ಸರಿ. ಈ ಗೊಂದಲಕ್ಕೆ ನಮ್ಮ ಕಾಲೇಜುಗಳ ಪಠ್ಯಕ್ರಮವೂ ತಕ್ಕಮಟ್ಟಿಗೆ ಕಾರಣವೆಂದು ನಾವು ಭಾವಿಸುತ್ತೇವೆ.

ಹಂಚಿಕೆಯ ಪ್ರಶ್ನೆ ಹಳೆಯದು. ವಾಣಿಜ್ಯ ಮಾರುತಗಳಿಗೂ ನಮ್ಮ ಮಾನ್ಸೂನಿಗೂ ಸೂರ್ಯನ ತಾಪವೇ ಮೂಲವೆಂದು ಎಡ್ಮಂಡ್ ಹ್ಯಾಲಿ 1686ರಲ್ಲಿ ವಾದಿಸಿದನು. ಆದರೆ ಭೂಮಧ್ಯರೇಖೆಯತ್ತ ಸಾಗುವ ಗಾಳಿ ನೇರವಾಗಿ ಬಾರದೆ ಪಶ್ಚಿಮಕ್ಕೆ ಏಕೆ ವಾಲುತ್ತದೆ ಎಂಬುದಕ್ಕೆ ಅವನ ಉತ್ತರ ಸಾಲದಾಯಿತು. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬಾತನು (ವೃತ್ತಿಯಿಂದ ಇವನು ವಕೀಲ) ಭೂಮಿಯ ಆವರ್ತನೆಯನ್ನು ಮುಂದಿಟ್ಟನು. ಭೂಮಧ್ಯರೇಖೆಯ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಚಲಿಸಿದರೆ, 30 ಅಕ್ಷಾಂಶದ ನೆಲದ ವೇಗ ಸುಮಾರು 1,450 ಮಾತ್ರ. ಅಲ್ಲಿಂದ ಹೊರಟ ಗಾಳಿ ವೇಗವಾಗಿ ಓಡುತ್ತಿರುವ ನೆಲಕ್ಕೆ ಬಂದಾಗ ಹಿಂದೆ ಬೀಳುತ್ತದೆ. ಅದೇ ಪಶ್ಚಿಮದ ವಾಲು. ಭೂಮಧ್ಯರೇಖೆಯ ಬಳಿ ಮೇಲೇರಿದ ಗಾಳಿ ಸುಮಾರು 30 ಅಕ್ಷಾಂಶದಲ್ಲಿ ಇಳಿದು ಒಣಗುತ್ತದೆ. ಸಹರಾ ಮರುಭೂಮಿ ಅಲ್ಲಿರುವುದಕ್ಕೆ ಇದೇ ಮುಖ್ಯ ಕಾರಣ.

ಹ್ಯಾಡ್ಲಿಯ ಲೆಕ್ಕವೂ ಪೂರ್ಣವಲ್ಲ. ಉಳಿಯುವುದು ರೇಖೀಯ ವೇಗವಲ್ಲ, ಕೋನೀಯ ಆವೇಗ. ಇದನ್ನು ಅನ್ವಯಿಸಿ ನೋಡಿದರೆ, ಭೂಮಧ್ಯರೇಖೆಯ ಮೇಲೆ ನೆಲದೊಡನೆ ಚಲಿಸುತ್ತಿದ್ದ ಗಾಳಿ ಮೇಲ್ಮಟ್ಟದಲ್ಲಿ 30 ಅಕ್ಷಾಂಶವನ್ನು ಮುಟ್ಟುವಾಗ ಪೂರ್ವಾಭಿಮುಖವಾಗಿ ಗಂಟೆಗೆ ಸುಮಾರು 480 ಕಿಲೋಮೀಟರ್ ವೇಗದಿಂದ ಬೀಸಬೇಕು. ವಾಸ್ತವದಲ್ಲಿ ಅಲ್ಲಿನ ಸರಾಸರಿ ವೇಗ ಇದರ ಅರ್ಧಕ್ಕಿಂತಲೂ ಕಡಮೆ. ಉಳಿದ ಆವೇಗವನ್ನು ದೊಡ್ಡ ದೊಡ್ಡ ಸುಳಿಗಳು ಧ್ರುವಗಳತ್ತ ಸಾಗಿಸಿಬಿಡುತ್ತವೆ. ಪದವಿ ತರಗತಿಯ ವಿದ್ಯಾರ್ಥಿ ಹತ್ತು ನಿಮಿಷದಲ್ಲಿ ಮಾಡಬಹುದಾದ ಲೆಕ್ಕವಿದು. ಆದರೂ ಕೊರಿಯೊಲಿಸ್ ಬಲವೆಂಬುದು ನಮ್ಮ ಪಠ್ಯಗಳಲ್ಲಿ ಸೂತ್ರವಾಗಿ ಬಂದು ಸೂತ್ರವಾಗಿಯೇ ಹೋಗುತ್ತದೆ. ಆಕಾಶದ ಕಡೆಗೆ ಯಾರೂ ಬೆರಳು ತೋರಿಸುವುದಿಲ್ಲ.

ಇನ್ನು ಆದಾಯ ವೆಚ್ಚದ ಪ್ರಶ್ನೆ. ಸೂರ್ಯನಿಂದ ಬಂದ ಶಕ್ತಿಯನ್ನು ಭೂಮಿ ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಹಿಂದಿರುಗಿಸಬೇಕು. ಈ ಕಿರಣಗಳನ್ನು ಹೀರುವ ಅನಿಲಗಳು ಇಲ್ಲದಿದ್ದಲ್ಲಿ ಭೂಮಿಯ ಸರಾಸರಿ ಉಷ್ಣತೆ ಈಗಿನ ಸುಮಾರು 15 ಡಿಗ್ರಿಗೆ ಬದಲಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಜಾನ್ ಟಿಂಡಲನು 1859ರಲ್ಲಿ ಆರಂಭಿಸಿದ ಪ್ರಯೋಗಗಳಿಂದ ನೀರಾವಿಗೂ ಇಂಗಾಲಾಮ್ಲ ಅನಿಲಕ್ಕೂ ಈ ಗುಣವುಂಟೆಂದು ತೋರಿಸಿದನು. ಈ ಎರಡನೆಯ ಅನಿಲ ಕೈಗಾರಿಕಾ ಯುಗಕ್ಕೆ ಮುನ್ನ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿತ್ತು. 1958ರಲ್ಲಿ ಕೀಲಿಂಗ್ ಅವರು ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ತೊಡಗಿದಾಗ 315 ಇದ್ದುದು ಇಂದು 420ನ್ನು ದಾಟಿದೆ.

ಇಲ್ಲಿ ಒಂದು ಆಕ್ಷೇಪಣೆ ಎದುರಾಗುತ್ತದೆ: ಸೂರ್ಯನೇ ಹೆಚ್ಚು ಉರಿಯುತ್ತಿರಬಾರದೇಕೆ? ಪ್ರಶ್ನೆ ನ್ಯಾಯವಾದುದು, ಅದಕ್ಕೆ ಉತ್ತರವೂ ಉಂಟು. 1978ರಿಂದ ಕೃತಕ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. ಹನ್ನೊಂದು ವರ್ಷಗಳ ಚಕ್ರದಲ್ಲಿ ಅದು ನೂರಕ್ಕೆ 0.1ರಷ್ಟು ಏರಿಳಿಯುವುದಲ್ಲದೆ, ಏರುತ್ತ ಹೋಗಿಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯ ಮೇಲಿನ ಸ್ತರಗೋಲದಲ್ಲಿದೆ. ಸೂರ್ಯನೇ ಕಾರಣನಾಗಿದ್ದರೆ ಕೆಳಗಿನ ವಾಯುವಿನೊಡನೆ ಮೇಲಿನದೂ ಕಾಯಬೇಕಾಗಿತ್ತು. ಇಂಗಾಲಾಮ್ಲ ಕಾರಣವಾದರೆ ಕೆಳಗೆ ಕಾಯಬೇಕು, ಮೇಲೆ ತಣಿಯಬೇಕು. ಏಕೆಂದರೆ ಅಲ್ಲಿ ಆ ಅನಿಲ ಹೆಚ್ಚಿದಷ್ಟೂ ಆಕಾಶಕ್ಕೆ ಹೊರಸೂಸುವ ಉಷ್ಣ ಹೆಚ್ಚುತ್ತದೆ. ಅಳತೆಗಳು ತೋರಿಸಿರುವುದು ಈ ಎರಡನೆಯದನ್ನೇ. ಸ್ತರಗೋಲದ ಕೆಳಭಾಗ ತಣಿದುದರಲ್ಲಿ ಓಜೋನ್ ನಷ್ಟದ ಪಾಲೂ ಇದೆಯೆಂಬುದನ್ನು ಮರೆಮಾಚಬೇಕಾಗಿಲ್ಲ.

ಈ ತಣಿವನ್ನು ಅಳತೆಗೆ ಮೊದಲೇ ಲೆಕ್ಕದಿಂದ ಹೇಳಿದವರು ಮನಾಬೆ ಮತ್ತು ವೆದರಾಲ್ಡ್. 1967ರಲ್ಲಿ ಅವರು ಭೂಗೋಳದ ಮಾರುತಗಳನ್ನೆಲ್ಲ ಬದಿಗಿಟ್ಟು ವಾಯುವಿನ ಒಂದೇ ಲಂಬ ಸ್ತಂಭವನ್ನು ತೆಗೆದುಕೊಂಡರು. ಇಂಗಾಲಾಮ್ಲ ಇಮ್ಮಡಿಯಾದರೆ ನೆಲದ ಉಷ್ಣತೆ ಎರಡು ಡಿಗ್ರಿಗಿಂತ ತುಸು ಹೆಚ್ಚಾಗಿ ಏರುವುದೆಂದು ಅವರ ಗಣನೆಯಿಂದ ಬಂದಿತು. ಕಾರಣವನ್ನು ತಿಳಿಯಲು ಮಾರುತಗಳ ಅಗತ್ಯವೇ ಬೀಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆತುದು ಭೌತವಿಜ್ಞಾನದಲ್ಲಿಯೇ. ಉಗಿಯಂತ್ರದ ದಕ್ಷತೆಗೆ ವಾರಗಟ್ಟಲೆ ಮೀಸಲಿಡುವ ನಮ್ಮ ಪಠ್ಯಕ್ರಮ ಈ ಸ್ತಂಭಕ್ಕೆ ಎರಡು ಗಂಟೆಗಳನ್ನಾದರೂ ಕೊಡಬೇಕೆಂಬುದು ನಮ್ಮ ಒತ್ತಾಯ.

ಹವೆ ಹಿಂದೆಯೂ ಬದಲಾಗಿತ್ತಲ್ಲವೇ ಎಂಬ ಮಾತೂ ಉಂಟು. ಬದಲಾಗಿತ್ತು. ಭೂಕಕ್ಷೆಯ ಆಕಾರ ಮತ್ತು ಅಕ್ಷದ ವಾಲಿಕೆಗಳ ವ್ಯತ್ಯಾಸದಿಂದ ಹಿಮಯುಗಗಳು ಬಂದುಹೋಗಿವೆ. ಆದರೆ ಆ ಚಕ್ರಗಳ ಅವಧಿ ಇಪ್ಪತ್ತು ಸಾವಿರದಿಂದ ಒಂದು ಲಕ್ಷ ವರ್ಷ. ನೂರೈವತ್ತು ವರ್ಷಗಳ ಏರಿಕೆಯನ್ನು ಅವುಗಳ ತಲೆಗೆ ಕಟ್ಟಲಾಗದು.

ಹಂಚಿಕೆಯ ಪ್ರಶ್ನೆ ಮಾತ್ರ ಇಷ್ಟು ನಿಚ್ಚಳವಾಗಿಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಯು ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಹಾಗಾದರೆ ನಮ್ಮ ಮುಂಗಾರು ಹೆಚ್ಚಬೇಕಾಗಿತ್ತು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಂತೆ, 1951ರಿಂದ 2015ರವರೆಗೆ ಭಾರತದ ಮುಂಗಾರು ಮಳೆ ನೂರಕ್ಕೆ ಸುಮಾರು 6ರಷ್ಟು ಕಡಮೆಯಾಗಿದೆ. ಕೊರತೆ ಎದ್ದುಕಾಣುವ ಪ್ರದೇಶಗಳಲ್ಲಿ ನಮ್ಮ ಪಶ್ಚಿಮ ಘಟ್ಟವೂ ಒಂದು. ಇದನ್ನು ಹಿಡಿದು ಇಡೀ ಸಿದ್ಧಾಂತವೇ ಸುಳ್ಳೆನ್ನುವವರಿದ್ದಾರೆ. ಹೊಗೆ ಮತ್ತು ಗಂಧಕದ ಸೂಕ್ಷ್ಮಕಣಗಳು ಬಿಸಿಲನ್ನು ತಡೆದು ನೆಲವನ್ನು ತಂಪಾಗಿಸಿದುದರಿಂದ ನೆಲ-ಕಡಲುಗಳ ಉಷ್ಣತೆಯ ಅಂತರ ಕುಗ್ಗಿತೆಂಬುದು ಆ ವರದಿಯೂ ಎತ್ತಿ ಹಿಡಿಯುವ ವಿವರಣೆ. ಕಣಗಳು ಕೆಲವೇ ವಾರಗಳಲ್ಲಿ ಮಳೆಯೊಡನೆ ನೆಲಕ್ಕಿಳಿಯುತ್ತವೆ. ಇಂಗಾಲಾಮ್ಲದ ಗಣನೀಯ ಭಾಗ ಶತಮಾನಗಳವರೆಗೆ ಉಳಿಯುತ್ತದೆ. ಹೊಗೆ ಕಡಮೆಯಾದ ಕಾಲಕ್ಕೆ ಮಲೆನಾಡಿನ ಮಳೆ ಯಾವ ಕಡೆಗೆ ವಾಲುವುದೆಂಬುದೇ ಈಗ ನಮ್ಮ ಯುವ ಭೌತವಿಜ್ಞಾನಿಗಳು ಕೈಗೆತ್ತಿಕೊಳ್ಳಬೇಕಾದ ಲೆಕ್ಕ.